ಕುಡಿಯದವರ ಪ್ಯಾಕೇಜು

ಹಡಗಿನ ಪ್ರವಾಸ ಮಾರುವವರು ಸಮುದ್ರವನ್ನು ಮಾರುತ್ತಾರೆ ಎಂದು ಹೊರಗಿನವರು ತಿಳಿದಿರುತ್ತಾರೆ. ಮಾಟುಂಗ ಸ್ಟೇಷನ್ನಿನ ಹತ್ತಿರದ ಒಂದು ಟ್ರಾವೆಲ್ ಆಫೀಸಿನಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಕೊನೆಯ ಎಂಟು ವರ್ಷ ಕ್ರೂಸ್ ಬುಕಿಂಗ್ ಒಂದೇ ನನ್ನ ಪಾಲಿಗಿತ್ತು. ಅಷ್ಟು ವರ್ಷದಲ್ಲಿ ಸಮುದ್ರ ಹೇಗಿರುತ್ತದೆ ಎಂದು ನನ್ನನ್ನು ಕೇಳಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಕೇಳಿದ್ದು ಊಟಕ್ಕೆ ಏನು, ಕುಡಿಯಲಿಕ್ಕೆ ಏನು, ಅದು ಟಿಕೆಟ್ಟಿನಲ್ಲೇ ಸೇರಿದೆಯೋ ಬೇರೆಯೋ ಎಂದು. ಕೇಳದಿದ್ದರೂ ತೊಂದರೆಯಿರಲಿಲ್ಲ, ನಾನು ಸಮುದ್ರ ಕಂಡದ್ದೂ ಅಷ್ಟಕ್ಕಷ್ಟೆ. ಒಂದೇ ಒಂದು ಸಲ ಕಂಪನಿಯವರು ಕರೆದುಕೊಂಡು ಹೋದಾಗ ಎರಡು ದಿನವೂ ವಾಂತಿ ಮಾಡಿಕೊಂಡು ಮಲಗಿದ್ದೆ.

ನನ್ನ ಜಾಗಕ್ಕೆ ಬಂದ ಹುಡುಗಿಯರು ಬೀಳ್ಕೊಡುಗೆಯ ದಿನ ಒಂದು ಪ್ರಶ್ನೆ ಕೇಳಿದರು. ಈ ಕೆಲಸದಲ್ಲಿ ಕಷ್ಟ ಯಾವುದು ಎಂದು. ಆವತ್ತು ನಕ್ಕು ಮಾತು ತೇಲಿಸಿದೆ. ಅವರು ಕನ್ನಡ ಅರ್ಥ ಮಾಡಿಕೊಳ್ಳುತ್ತಾರೆ, ಓದುವುದು ಅನುಮಾನ. ಯಾರಾದರೂ ಓದಿ ಹೇಳಲಿ ಎಂದು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನಾನು ಹುಟ್ಟು ಪುಕ್ಕಲಿ. ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಪರೇಲಿನ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ಮುಚ್ಚುವ ಸುದ್ದಿ ದಿನಾ ಬಂದು ದಿನಾ ಹೋಗುತ್ತಿದ್ದ ಚಾಳಿನಲ್ಲಿ ನಾನು ಬೆಳೆದೆ. ಏನೋ ಕೆಟ್ಟದ್ದು ಆಗೇ ಆಗುತ್ತದೆ ಎಂಬುದು ನನ್ನ ರಕ್ತದಲ್ಲೇ ಸೇರಿದೆ. ಸಂಜೆ ಆಫೀಸು ಮುಗಿಸಿ ಲೋಕಲ್ ಹತ್ತಿದರೆ ದಾದರ್ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳಲು ಸುರುವಾಗುತ್ತಿತ್ತು. ಆ ಅಜ್ಜಿಗೆ ವೆಜ್ ಹಾಕಿದೆನೋ ನಾನ್‌ವೆಜ್ ಹಾಕಿದೆನೋ? ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಮತ್ತೆ ಮಾಟುಂಗಕ್ಕೆ ಹೋಗಿ ಬೀಗ ತೆಗೆಸಿ ಫೈಲು ನೋಡಿದ ದಿನಗಳು ಎಷ್ಟೋ. ನಮ್ಮ ಮ್ಯಾನೇಜರ್ ವಾಗಳೆ ಸಾಹೇಬರು ಮರಾಠಿಯವರು, ಮಾತು ಕಡಿಮೆ. ಈ ಕೆಲಸಕ್ಕೆ ನನ್ನನ್ನು ಹಾಕಿದ ದಿನವೇ ಅವರು, ಹಡಗು ಮುಳುಗಿದರೆ ಕಂಪನಿಯವರ ತಲೆನೋವು, ಊಟ ತಪ್ಪಿದರೆ ನಿನ್ನದು ಎಂದಿದ್ದರು. ಅದನ್ನು ಅವರು ತಮಾಷೆಗೆ ಹೇಳಿದ್ದು, ನಾನು ಮಾತ್ರ ಮಂತ್ರದ ಹಾಗೆ ಹಿಡಿದುಕೊಂಡೆ.

ಹಡಗಿನ ವ್ಯವಸ್ಥೆ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು. ಟಿಕೆಟ್ಟಿನಲ್ಲಿ ಮಲಗುವ ಕೋಣೆ ಮತ್ತು ದೊಡ್ಡ ಹಾಲಿನ ಊಟ ಸೇರಿರುತ್ತದೆ. ಕುಡಿಯುವುದು ಬೇರೆ. ಅದಕ್ಕೆ ಮೊದಲೇ ಪ್ಯಾಕೇಜು ಆರಿಸಬೇಕು. ಮದ್ಯದ್ದು ಒಂದು, ಹಣ್ಣಿನ ರಸ, ಎಳನೀರು, ಸೋಡಾಗಳದ್ದು ಇನ್ನೊಂದು. ಎರಡೂ ಬೇಡವಾದರೆ ಬೇಕೆನಿಸಿದಾಗ ಬಿಲ್ಲು ಕೊಟ್ಟು ತರಿಸಿಕೊಳ್ಳುವುದು. ಆರಿಸಿದ್ದು ಒಂದು ಕಾರ್ಡಿನಲ್ಲಿ ಸೇರಿಕೊಳ್ಳುತ್ತದೆ. ಕಾರ್ಡನ್ನು ಕೊರಳಿಗೆ ಹಾಕಿಕೊಂಡರೆ ವೇಟರು ಅದನ್ನು ಮಶೀನಿಗೆ ತಾಗಿಸಿ ಬೇಕಾದ್ದು ತಂದು ಕೊಡುತ್ತಾನೆ. ಮದ್ಯದ ಕಾರ್ಡಿಗೆ ಬಂಗಾರದ ಅಂಚು, ರಸದ ಕಾರ್ಡಿಗೆ ನೀಲಿ ಅಂಚು.

ಮೊದಲ ವರ್ಷವೇ ಬಂಗಾರದ ಅಂಚು ನನ್ನ ಮಾನ ಕಳೆಯಿತು. ಮಾಟುಂಗದ ಒಂದು ಭಜನಾ ಮಂಡಳಿಯ ಹಿರಿಯರು ಹೆಂಡತಿಯ ಜತೆ ಬಂದು ನೀಲಿ ಪ್ಯಾಕೇಜು ಬರೆಸಿದರು. ಮಧ್ಯಾಹ್ನ ಒಬ್ಬರೇ ಮತ್ತೆ ಬಂದು, ದನಿ ತಗ್ಗಿಸಿ, ತಮ್ಮದೊಂದನ್ನು ದೊಡ್ಡದಕ್ಕೆ ಬದಲಾಯಿಸಲು ಹೇಳಿದರು. ಬದಲಾಯಿಸಿದೆ. ಒಂದು ಕೋಣೆಯಲ್ಲಿ ಒಬ್ಬರು ಮದ್ಯದ ಪ್ಯಾಕೇಜು ತೆಗೆದುಕೊಂಡರೆ ಆ ಕೋಣೆಯ ದೊಡ್ಡವರೆಲ್ಲರೂ ತೆಗೆದುಕೊಳ್ಳಲೇಬೇಕೆಂಬ ನಿಯಮ ಆ ಹಡಗಿನದು. ಒಬ್ಬರ ಕಾರ್ಡಿನಲ್ಲಿ ಇಬ್ಬರು ಕುಡಿಯಬಾರದಲ್ಲ. ಕಂಪ್ಯೂಟರು ತಾನಾಗಿಯೇ ಹೆಂಡತಿಗೂ ಬಂಗಾರದ ಅಂಚು ಹಾಕಿಬಿಟ್ಟಿತು. ನಾನು ನೋಡಲಿಲ್ಲ. ಬಂದರಿನಲ್ಲಿ ಆಕೆ, ನನ್ನ ತಂಗಿಯದು ನೀಲಿ, ನನ್ನದೇಕೆ ಹೀಗೆ ಎಂದು ಎಲ್ಲರಿಗೆ ಕೇಳುವಂತೆ ಕೇಳಿದರು. ಗುಂಪಿನ ಜತೆ ಹೋಗುವ ನಮ್ಮ ಲೋಬೊ ಒಳ್ಳೆಯ ಮನುಷ್ಯ, ಮುಚ್ಚುಮರೆ ಗೊತ್ತಿಲ್ಲ. ವಿವರವಾಗಿ ತಿಳಿಸಿ ಹೇಳಿದ. ಆ ಮನೆಯಲ್ಲಿ ಮೂರು ತಿಂಗಳು ಭಜನೆ ನಿಂತಿತ್ತಂತೆ.

ಆಮೇಲೆ ನಾನು ಪ್ರಯಾಣಿಕರನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಂಡೆ: ಕುಡಿಯುವವರು, ಕುಡಿಯದವರು, ಕದ್ದು ಕುಡಿಯುವವರು. ಮೊದಲನೆಯವರ ಮತ್ತು ಮೂರನೆಯವರ ಬಗ್ಗೆ ನನಗೆ ಜೀವ ಕೈಯಲ್ಲಿ ಹಿಡಿದಷ್ಟು ಭಯ. ಕುಡಿಯದವರ ಬಗ್ಗೆ ಚಿಂತೆಯೇ ಇರಲಿಲ್ಲ. ಅವರಿಗೆ ನೀಲಿ ಹಾಕಿದರೆ ಆಯಿತು, ಹಣ್ಣಿನ ರಸದಿಂದ ಯಾರಿಗೆ ಏನಾಗುತ್ತದೆ ಎಂಬ ಧೈರ್ಯ. ಆ ಧೈರ್ಯದ ಕಥೆಗೇ ಬರುತ್ತಿದ್ದೇನೆ.

ಅದಕ್ಕೆ ಮೊದಲು ಘಾಟ್‌ಕೋಪರಿನ ಒಂದು ಜೈನ ಕುಟುಂಬದ್ದು. ಹದಿನೆಂಟು ಜನ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಇಲ್ಲದ ಅಡಿಗೆಯೇ ಆಗಬೇಕೆಂದು ಮೂರು ಸಲ ಬರೆದು ಕಳಿಸಿ ಮೂರು ಸಲ ಉತ್ತರ ತರಿಸಿಕೊಂಡೆ. ಅಡಿಗೆ ಸರಿಯಾಗಿಯೇ ಆಯಿತು. ಆದರೆ ಅವರು ಸೂರ್ಯ ಮುಳುಗುವ ಮೊದಲು ಉಣ್ಣುವವರು. ಚಳಿಗಾಲ, ಸೂರ್ಯ ಆರಕ್ಕೆಲ್ಲ ಮುಳುಗಿದ. ಊಟದ ಹಾಲಿನ ಬಾಗಿಲು ತೆರೆಯುವುದು ಆರೂವರೆಗೆ. ಹದಿನೆಂಟು ಜನವೂ ಡೆಕ್ಕಿನ ಮೇಲೆ ಕೂತು ಸೂರ್ಯ ಇಳಿಯುವುದನ್ನು ನೋಡಿದರಂತೆ. ಮನೆಯ ಅಜ್ಜಿ, ಇನ್ನು ನಾಳೆ ಬೆಳಿಗ್ಗೆ ಎಂದು ಎದ್ದರಂತೆ, ಮಿಕ್ಕವರೂ ಎದ್ದರಂತೆ. ವಾಪಸು ಬಂದ ಮೇಲೆ ಆಫೀಸಿಗೆ ಬಂದು ಇದನ್ನು ಹೇಳಿ, ಮುಂದಿನವರಿಗೆ ಹೀಗಾಗದಿರಲಿ ಎಂದು ಕೈಮುಗಿದು ಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವತ್ತೇ ಸೂರ್ಯಾಸ್ತದ ಸಮಯದ ಪಟ್ಟಿಯನ್ನು ನನ್ನ ಕುರ್ಚಿಯ ಹಿಂದಿನ ಗೋಡೆಗೆ ಅಂಟಿಸಿದೆ.

ಆ ಕಾಲದಲ್ಲಿ ಫಾರ್ಮು ಕಾಗದದ್ದಿತ್ತು. ಒಬ್ಬೊಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಕೇಳಿ ಬರೆಯುತ್ತಿದ್ದೆ. ಬಿ.ಪಿ. ಇದೆಯೆ, ಸಕ್ಕರೆ ಕಾಯಿಲೆ ಇದೆಯೆ, ಶೇಂಗಾ ತಿಂದರೆ ಮೈ ತುರಿಸುತ್ತದೆಯೆ. ಆಮೇಲೆ ಎಲ್ಲ ಎಕ್ಸೆಲ್ ಶೀಟಿಗೆ ಬಂತು. ಗುಂಪಿನವರೆಲ್ಲರ ಹೆಸರು ಒಂದರ ಕೆಳಗೊಂದು, ಪಕ್ಕದಲ್ಲಿ ವಯಸ್ಸು, ಊಟ, ಪ್ಯಾಕೇಜು, ಕಾಯಿಲೆ. ಆ ಶೀಟನ್ನು ತಯಾರಿಸಿದವಳು ನಾನೇ. ನೂರಕ್ಕೆ ತೊಂಬತ್ತು ಜನ ಕಾಯಿಲೆ ಏನೂ ಇಲ್ಲ ಎಂದೇ ಹೇಳುತ್ತಾರೆ. ಹಾಗಾಗಿ ಕಾಯಿಲೆಯ ಕಾಲಮ್ಮಿನ ಮೊದಲ ಮನೆಯಲ್ಲಿ ಏನೂ ಇಲ್ಲ ಎಂದು ಅರ್ಥ ಬರುವ ‘ನಿಲ್’ ಬರೆದು, ಮೌಸಿನಿಂದ ಹಿಡಿದು ಕೆಳಗಿನವರೆಗೆ ಎಳೆದುಬಿಡುತ್ತಿದ್ದೆ. ನಲವತ್ತು ಜನಕ್ಕೂ ಕಣ್ಣು ಮಿಟುಕಿಸುವುದರಲ್ಲಿ ಕಾಯಿಲೆ ಇಲ್ಲವಾಗುತ್ತಿತ್ತು. ಇದ್ದವರು ಹೇಳಿದರೆ ಅವರದನ್ನು ತಿದ್ದಿದರಾಯಿತು ಎಂಬ ಲೆಕ್ಕ. ವಾಗಳೆ ಸಾಹೇಬರು ಕೆಲಸ ಬೇಗ ಮುಗಿಯುತ್ತದೆಂದು ಮೆಚ್ಚಿದ್ದರು. ಪುಕ್ಕಲಿಯಾದ ನಾನು, ದಾದರಿನಲ್ಲಿ ಇಳಿದು ಓಡಿ ಬರುವ ನಾನು, ಇದೊಂದರ ಬಗ್ಗೆ ಒಮ್ಮೆಯೂ ಹೆದರಲಿಲ್ಲ.

ನಿವೃತ್ತಿಗೆ ಎರಡು ವರ್ಷವಿದ್ದಾಗ ಉಪನಗರದ ಒಂದು ಕನ್ನಡ ಸಂಘದವರು ನಲವತ್ತೆರಡು ಜನ ಸೇರಿ ಹಡಗಿನಲ್ಲಿ ಗೋವಾಕ್ಕೆ ಹೊರಟರು. ಶುಕ್ರವಾರ ಸಂಜೆ ಮುಂಬಯಿ ಬಿಟ್ಟು, ಶನಿವಾರ ಇಡೀ ದಿನ ಸಮುದ್ರದಲ್ಲಿದ್ದು, ಭಾನುವಾರ ಗೋವಾ ನೋಡಿ, ಸೋಮವಾರ ಬೆಳಿಗ್ಗೆ ವಾಪಸು. ಆ ಗುಂಪಿನಲ್ಲಿ ದಸ್ತಗೀರ್ ಸಾಹೇಬರು ಮತ್ತು ಅವರ ಹೆಂಡತಿ ಮೆಹಬೂಬಿ ಇದ್ದರು. ವಿಜಯಪುರದ ಕಡೆಯವರು, ಕುರ್ಲಾದಲ್ಲಿ ನಲವತ್ತು ವರ್ಷದಿಂದ ಲಾರಿಗಳ ರೇಡಿಯೇಟರ್ ರಿಪೇರಿ ಅಂಗಡಿ. ಸಂಘದ ಹಳೆಯ ಸದಸ್ಯರು, ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಈ ಪ್ರವಾಸ ಮಗಳು ನಸ್ರೀನ್ ತನ್ನ ಸಂಬಳದಿಂದ ಮಾಡಿಸಿದ್ದು.

ನಸ್ರೀನ್ ಕಾಗದಪತ್ರ ತಂದ ದಿನ ಕೌಂಟರಿನ ಮುಂದೆ ಜನ ತುಂಬಿದ್ದರು. ಆಕೆ ಒಂದು ದಪ್ಪ ಲಕೋಟೆ ಕೊಟ್ಟು, ಅಬ್ಬಾನದು ಎಲ್ಲ ಇದರಲ್ಲಿದೆ, ನೋಡಿಕೊಳ್ಳಿ ಎಂದು ಅರ್ಧ ಹಿಂದಿಯಲ್ಲಿ ಹೇಳಿದಳು. ಆಯಿತಮ್ಮ ಎಂದೆ. ಆಧಾರ್ ಜೆರಾಕ್ಸ್ ಕಾಣಿಸಿತು. ಹಿಂದಿದ್ದ ಕಾಗದಗಳನ್ನೆಲ್ಲ ಅದರ ಜತೆಗೇ ಸ್ಟೇಪಲ್ ಮಾಡಿದೆ. ಡ್ರಿಂಕ್ಸ್ ಏನಾದರೂ ಎಂದು ಕೇಳಿದ್ದಕ್ಕೆ ಆಕೆ ಗಾಬರಿಯಿಂದ ಇಲ್ಲ ಇಲ್ಲ ಆಂಟಿ ಎಂದಳು. ಕುಡಿಯದವರು. ನೀಲಿ ಹಾಕಿದೆ.

ಶುಕ್ರವಾರ ಬಂದರಿಗೆ ಹೋಗಿ ಗುಂಪನ್ನು ನಾನೇ ಬೀಳ್ಕೊಟ್ಟೆ. ಚಾಚಾ ಇಸ್ತ್ರಿ ಮಾಡಿದ ಬಿಳಿ ಪೈಜಾಮ, ಕೋಟು ಹಾಕಿದ್ದರು. ಮುಖ ಸ್ವಲ್ಪ ಬಾಡಿತ್ತು, ವಯಸ್ಸು ಎಂದುಕೊಂಡೆ. ಕಾರ್ಡನ್ನು ನಾನೇ ಅವರ ಕೊರಳಿಗೆ ಹಾಕಿದೆ. ಇದನ್ನು ತೋರಿಸಿದರೆ ಸಾಕು, ಜ್ಯೂಸು, ಎಳನೀರು, ಏನು ಬೇಕಾದರೂ ಎಂದು ಹೇಳಿದೆ.

“ಎಷ್ಟ ಬೇಕಾದ್ರೂ?” ಎಂದು ಕೇಳಿದರು.

“ಎಷ್ಟ ಬೇಕಾದ್ರೂ ಚಾಚಾ. ಮಿತಿ ಇಲ್ಲ.”

ಅವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಜೋರಾಗಿ ನಕ್ಕರು. ಮೆಹಬೂಬಿ ನಗಲಿಲ್ಲ. ನನಗೆ ಅದು ಹೊಳೆಯಲಿಲ್ಲ. ಒಳ್ಳೆಯ ಜನ, ಸುಖವಾಗಿ ಹೋಗಿ ಬರಲಿ ಎಂದುಕೊಂಡು ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ನಸ್ರೀನಳ ಫೋನು ಬಂತು. ಅಮ್ಮಿಗೆ ಫೋನ್ ಹತ್ತುತ್ತಿಲ್ಲ, ಅಬ್ಬಾನ ಚೀಟಿ ಹಡಗಿನ ಡಾಕ್ಟರಿಗೆ ತಲುಪಿದೆಯಲ್ಲ ಎಂದು ಕೇಳಿದಳು. ಯಾವ ಚೀಟಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು, ನೋಡಿ ಹೇಳುತ್ತೇನೆ ಎಂದೆ. ಫೈಲು ತೆಗೆದೆ. ಆಧಾರ್ ಜೆರಾಕ್ಸಿನ ಹಿಂದೆ, ನನ್ನದೇ ಸ್ಟೇಪಲ್ ಪಿನ್ನಿನ ಕೆಳಗೆ, ಪರೇಲಿನ ಒಂದು ಡಯಾಲಿಸಿಸ್ ಕೇಂದ್ರದ ಕಾಗದವಿತ್ತು. ಎರಡೂ ಕಿಡ್ನಿ ಕೆಲಸ ಮಾಡುತ್ತಿಲ್ಲ, ಮೂರು ವರ್ಷದಿಂದ ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ದಿನಕ್ಕೆ ನೀರು, ಚಹಾ, ಸಾರು ಎಲ್ಲ ಸೇರಿ ಎಂಟು ನೂರು ಮಿಲಿ ಮೀರಬಾರದು. ಎಳನೀರು, ಕಿತ್ತಳೆ, ಮೋಸಂಬಿ, ಯಾವ ಹಣ್ಣಿನ ರಸವೂ ಕೂಡದು. ಕೂಡದು ಎಂಬುದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದರು.

ಹಡಗಿಗೆ ಹೋದ ಶೀಟಿನಲ್ಲಿ ಅವರ ಹೆಸರಿನ ಮುಂದೆ ನಾನು ಎಳೆದ ‘ನಿಲ್’ ಇತ್ತು. ಎಷ್ಟು ಬೇಕಾದರೂ ಕುಡಿಯಿರಿ ಎಂದ ನಾಲಗೆಯೂ ನನ್ನದೇ. ನಸ್ರೀನಳಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಚಾಚಾನಿಗೇ ಪಥ್ಯ ಗೊತ್ತಿರುತ್ತದಲ್ಲ ಎಂದೆ, ಆಕೆಗಿಂತ ಹೆಚ್ಚಾಗಿ ನನಗೇ ಹೇಳಿಕೊಂಡಂತೆ.

“ಗೊತ್ತೈತಿ ಆಂಟಿ. ಪರ್ ಪ್ಯಾಸ್ ಬಹುತ್ ಲಗತೀ ಹೈ, ಬಾಯಾರಿಕಿ ತಡಿಯಾಕ ಆಗಂಗಿಲ್ಲ,” ಎಂದಳು. “ಹೋದ ವರ್ಷ ಶಾದೀ ಮೇ ಛುಪ್ಕೇ ಮೂರು ಗ್ಲಾಸ್ ಶರಬತ್ ಕುಡದ್ರು. ನಾಕ್ ದಿನ ಐಸಿಯು.”

ಆಮೇಲೆ ವಿವರಿಸಿದಳು. ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಣ್ಣಿನ ರಸದಲ್ಲಿರುವ ಉಪ್ಪಿನಂಥದ್ದೊಂದು ರಕ್ತದಲ್ಲಿ ಏರಿದರೆ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಆ ಮದುವೆಯ ನಂತರ ಅಮ್ಮಿ ಫ್ರಿಜ್ಜಿಗೆ ಬೀಗ ಹಾಕುತ್ತಾರಂತೆ. ಬೀಗ ಹಾಕಿ ಕಾಯುವ ಮನುಷ್ಯನ ಕೊರಳಿಗೆ ನಾನು ಮಿತಿಯಿಲ್ಲದ ಕಾರ್ಡು ಹಾಕಿ ಸಮುದ್ರಕ್ಕೆ ಕಳಿಸಿದ್ದೆ.

ವಾಗಳೆ ಸಾಹೇಬರ ಕೋಣೆಗೆ ಹೋಗಿ ಹೇಳಿದೆ. ‘ನಿಲ್’ ಯಾರು ಬರೆದದ್ದು ಎಂದು ಕೇಳಿದರು. ನಾನೇ ಎಂದೆ. ಕೂಗಾಡಲಿಲ್ಲ. ತಪ್ಪಿನ ಮಾತು ಸೋಮವಾರ, ಈಗ ಹಡಗಿಗೆ ಮುಟ್ಟಿಸು ಎಂದರು. ಲೋಬೊನ ಫೋನು ಬಂದ್ ಆಗಿತ್ತು. ಕಂಪನಿಯ ಆಫೀಸಿಗೆ ಫೋನ್ ಮಾಡಿದರೆ ಶನಿವಾರದ ರೆಕಾರ್ಡು ಹಾಡುತ್ತಿತ್ತು. ಕೊನೆಗೆ ಇಮೇಲ್ ಬರೆದೆ. ಈ ಪ್ರಯಾಣಿಕರ ಕಾರ್ಡನ್ನು ತಕ್ಷಣ ಬಂದ್ ಮಾಡಿ, ಯಾವ ಕಾರಣಕ್ಕೂ ಇವರಿಗೆ ಕುಡಿಯಲು ಏನೂ ಕೊಡಬೇಡಿ, ಡಾಕ್ಟರಿಗೆ ಮತ್ತು ಲೋಬೊಗೆ ತಿಳಿಸಿ. ಚೀಟಿಯ ಫೋಟೋ ಜತೆಗಿಟ್ಟು, ನಾಲ್ಕು ಕಡೆ ಕಳಿಸಿದೆ.

ಉತ್ತರ ಬಂದದ್ದು ಮಧ್ಯಾಹ್ನದ ಊಟದ ಹೊತ್ತು ಕಳೆದು ಎಷ್ಟೋ ಹೊತ್ತಿನ ಮೇಲೆ. ಅಲ್ಲಿಯವರೆಗಿನ ಐದು ಗಂಟೆಯನ್ನು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತಿಲ್ಲ. ಪಕ್ಕದ ಉಡುಪಿ ಹೋಟೆಲಿನಿಂದ ಬಂದ ಇಡ್ಲಿ ಹಾಗೇ ಆರಿತು. ಬಾಯಿ ಒಣಗಿ ನೀರಿನ ಬಾಟಲಿ ಎತ್ತಿಕೊಂಡರೆ ಕುಡಿಯಲಿಕ್ಕಾಗದೆ ಕೆಳಗಿಡುತ್ತಿದ್ದೆ. ಡೆಕ್ಕಿನ ಬಿಸಿಲು, ಬಾಯಾರಿದ ಮುದುಕ, ಟ್ರೇ ಹಿಡಿದು ಸುತ್ತುವ ವೇಟರು, ಇದೇ ಕಣ್ಣ ಮುಂದೆ. ಆಗ ಕಂಪ್ಯೂಟರಿನ ಮೇಲೆ ಒಂದೇ ಸಾಲು ಮೂಡಿತು. ಕಾರ್ಡು ಬಂದ್ ಮಾಡಲಾಗಿದೆ, ಸಿಬ್ಬಂದಿಗೆ ಸೂಚಿಸಲಾಗಿದೆ. ನಾನು ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಆದರೆ ಅದರಿಂದ ಭಯ ಹೋಗಲಿಲ್ಲ. ಬಂದ್ ಆಗುವ ಮೊದಲು ಒಂದು ಸಂಜೆ, ಅರ್ಧ ದಿನ ಕಳೆದಿತ್ತಲ್ಲ. ಭಾನುವಾರ ಹಡಗು ಗೋವಾ ಮುಟ್ಟಿದ ಮೇಲೆ ಲೋಬೊ ಫೋನ್ ಮಾಡಿದ. ಚಾಚಾ ಚೆನ್ನಾಗಿದ್ದಾರೆ, ಡಾಕ್ಟರು ನೋಡಿದ್ದಾರೆ, ಆದರೆ ನಿನ್ನೆಯಿಂದ ಕೋಣೆ ಬಿಟ್ಟು ಬಂದಿಲ್ಲ, ಯಾರ ಜತೆಗೂ ಮಾತಿಲ್ಲ ಎಂದ. ಮೆಹಬೂಬಿ ಮಗಳಿಗೆ, ಚಲೋ ಅದಾರ ಎಂದಷ್ಟೇ ಹೇಳಿದರಂತೆ. ಮದುವೆಯ ಶರಬತ್ತು ಕುಡಿದ ದಿನವೂ ಮರುದಿನದವರೆಗೆ ಚೆನ್ನಾಗಿಯೇ ಇದ್ದರು ಎಂದು ನಸ್ರೀನ್ ನೆನಪಿಸಿದಳು. ಅಂತೂ ನಮ್ಮಿಬ್ಬರಿಗೂ ಸೋಮವಾರದವರೆಗೆ ಬಿಡುಗಡೆಯಿರಲಿಲ್ಲ.

ಸೋಮವಾರ ಬೆಳಿಗ್ಗೆ ನಸ್ರೀನಳೂ ನಾನೂ ಬಂದರಿನಲ್ಲಿ ನಿಂತಿದ್ದೆವು. ನಾನು ಗಾಲಿಕುರ್ಚಿಗೆ ಹೇಳಿಟ್ಟಿದ್ದೆ. ಗಾಲಿಕುರ್ಚಿ ಖಾಲಿ ಬಂತು, ಅದರ ಹಿಂದೆ ಚಾಚಾ ನಡೆದುಕೊಂಡು ಬಂದರು. ಸಂಘದ ಜನ ಅವರಿಗೆ ದಾರಿ ಬಿಟ್ಟು, ಮೆತ್ತಗೆ, ಹುಷಾರು ಚಾಚಾ ಎನ್ನುತ್ತಿದ್ದರು. ಅವರು ನೇರ ನನ್ನ ಮುಂದೆ ಬಂದು ನಿಂತರು.

“ಕಾರ್ಡ್ ಬಂದ್ ಮಾಡಿಸಿದಾವ್ರು ನೀವೇನ್ರಿ, ಸುನಂದಾಬಾಯಿ?”

“ಹೌದು ಚಾಚಾ. ತಪ್ಪು ನಂದು. ನಾ ಚೀಟಿ ಓದಿರ್ಲಿಲ್ಲ.”

“ಓದಲಿಲ್ಲ, ಅದು ಒಂದ್ ತಪ್ಪು. ಓದಿದ ಮ್ಯಾಲ ನನ್ನ ಒಂದ್ ಮಾತು ಕೇಳಲಿಲ್ಲ, ಅದು ಎರಡನೇದು,” ಎಂದರು.

ಏನು ನಡೆಯಿತೆಂದು ಅಲ್ಲೇ ನಿಂತು ಹೇಳಿದರು. ಶನಿವಾರ ಮಧ್ಯಾಹ್ನ ಸಂಘದವರೆಲ್ಲ ಒಂದೇ ಉದ್ದ ಮೇಜಿಗೆ ಊಟಕ್ಕೆ ಕೂತಿದ್ದರಂತೆ. ಚಾಚಾ ತಮ್ಮ ಪಾಲಿನ ಅರ್ಧ ಲೋಟ ನೀರು ಮುಂದಿಟ್ಟುಕೊಂಡಿದ್ದರು. ಯಾವ ಕಾರಣಕ್ಕೂ ಏನೂ ಕೊಡಬೇಡಿ ಎಂದು ನಾನು ಬರೆದಿದ್ದೆನಲ್ಲ. ವೇಟರು ಬಂದು ಆ ಲೋಟವನ್ನೂ ಎತ್ತಿಕೊಂಡು ಹೋದ. ಮೇಜಿನವರು ಯಾಕೆ ಎಂದು ಕೇಳಿದಾಗ ಲೋಬೊ ಎಂದಿನಂತೆ ವಿವರವಾಗಿ ತಿಳಿಸಿ ಹೇಳಿದ. ಕಿಡ್ನಿಯ ಸಂಗತಿಯನ್ನು ಚಾಚಾ ಮೂರು ವರ್ಷ ಸಂಘದವರಿಂದ ಮುಚ್ಚಿಟ್ಟಿದ್ದರಂತೆ. ಅಂಗಡಿಗೆ ಬರುವ ಲಾರಿಯವರಿಗೂ ಗೊತ್ತಿರಲಿಲ್ಲವಂತೆ.

“ಮದಲನೇ ದಿನ ಸಂಜಿಕ ಮ್ಯಾಲ ಕುರ್ಚಿ ಹಾಕ್ಕೊಂಡ್ ಕುಂತಿದ್ದೆ,” ಎಂದರು. ದನಿ ಈಗ ಇಳಿದಿತ್ತು. “ಆ ವೇಟರ್ ಹುಡುಗ ಬಂದು ಬಂದು ಕೇಳಾಂವ. ಸಾಬ್, ಏನ್ ತರ್ಲಿ? ಆರ್ ಸಲ ಕೇಳಿದ. ಆರೂ ಸಲ ಬ್ಯಾಡಪಾ ಅಂದೆ. ಮೂರ್ ವರ್ಷಾತು ತಂಗಿ, ನನಗ ಬೇಕೇನು ಅಂತ ಯಾರೂ ಕೇಳಿಲ್ಲ. ಚಾದ ತಾಟು ನನ್ನ ದಾಟಿ ಮುಂದ ಹೋಗತದ. ಬ್ಯಾಡ ಅನ್ನೂದರ ನನ್ನ ಬಾಯಿಂದ ಬರಬೇಕೋ ಬ್ಯಾಡೋ?”

ನಸ್ರೀನ್ ಅವರ ತೋಳು ಹಿಡಿದು, ಸಚ್ ಬೋಲೋ ಅಬ್ಬಾ, ಕುಛ್ ನಹೀ ಪಿಯಾ, ನಿಜಕ್ಕೂ ಏನೂ ಕುಡಿಯಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಅವರು ತೋಳು ಬಿಡಿಸಿಕೊಂಡು ಟ್ಯಾಕ್ಸಿಯ ಕಡೆ ನಡೆದರು. ಮೆಹಬೂಬಿ ನೆಲ ನೋಡುತ್ತಿದ್ದರು. ರಾತ್ರಿ ತಾನು ಮಲಗಿದ ಮೇಲೆ ಏನಾಯಿತೋ ಆಕೆಗೂ ಗೊತ್ತಿರಲಿಲ್ಲ. ಸುಳ್ಳು ಹೇಳುವುದಿಲ್ಲ, ನಾನೂ ನಂಬಲಿಲ್ಲ. ಎಷ್ಟು ಬೇಕಾದ್ರೂ ಎಂದು ಅವರು ಕೇಳಿದ ದನಿ ಇನ್ನೂ ಕಿವಿಯಲ್ಲಿತ್ತು.

ಆವತ್ತು ಡಯಾಲಿಸಿಸ್ ದಿನ. ಬಂದರಿನಿಂದ ನೇರ ಪರೇಲಿಗೆ ಹೋದೆವು. ಅವರು ಕರೆಯದಿದ್ದರೂ ನಾನು ಅದೇ ಟ್ಯಾಕ್ಸಿಯಲ್ಲಿ ಕೂತೆ. ಆಫೀಸಿಗೆ ಹೋಗಿ ಕೂರುವ ಶಕ್ತಿ ನನಗಿರಲಿಲ್ಲ. ದಾರಿಯುದ್ದಕ್ಕೂ ಅವರ ಉಸಿರನ್ನೇ ಎಣಿಸುತ್ತಿದ್ದೆ. ಒಮ್ಮೆ ಕೆಮ್ಮಿದರು, ನಸ್ರೀನಳೂ ನಾನೂ ಒಟ್ಟಿಗೇ ತಿರುಗಿದೆವು. ಅವರು ಕಿಟಕಿಯ ಆಚೆಗೆ ಮುಖ ತಿರುಗಿಸಿಕೊಂಡರು.

ಅಲ್ಲಿ ಮಶೀನಿಗೆ ಹಾಕುವ ಮೊದಲು ತೂಕ ನೋಡುತ್ತಾರೆ ಎಂದು ನನಗೆ ಆವತ್ತು ತಿಳಿಯಿತು. ಹಿಂದಿನ ಸಲ ಮುಗಿಸಿ ಹೋದಾಗಿನ ತೂಕಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸವೋ ಅಷ್ಟು ನೀರು ಮೈಯಲ್ಲಿ ನಿಂತಿದೆ ಎಂದು ಅರ್ಥ. ಅಲ್ಲಿ ಮಾತಿಗೆ ಬೆಲೆಯಿಲ್ಲ, ತಕ್ಕಡಿಯದೇ ಸಾಕ್ಷಿ. ಚಾಚಾ ಚಪ್ಪಲಿ ಬಿಟ್ಟರು. ಕೋಟು ತೆಗೆದು ಹೆಂಡತಿಗೆ ಕೊಟ್ಟರು. ಕೈಗಡಿಯಾರ, ಫೋನು, ಬೀಗದ ಕೈ ಒಂದೊಂದಾಗಿ ತೆಗೆದು ಮಗಳ ಕೈಗೆ ಹಾಕಿದರು. ನನ್ನ ಕಡೆ ಒಮ್ಮೆ ನೋಡಿ ತಕ್ಕಡಿ ಹತ್ತಿ ನಿಂತರು.

ನರ್ಸು ಅಂಕಿ ನೋಡಿದಳು, ಫೈಲು ನೋಡಿದಳು, ಅವರನ್ನು ಇಳಿಸಿ ಮತ್ತೆ ಹತ್ತಿಸಿದಳು. ಪ್ರತಿ ಸಲ ಎರಡೂವರೆ, ಮೂರು ಕಿಲೋ ಏರಿರುತ್ತದೆ, ಈ ಸಲ ಒಂದೂ ಕಾಲು ಅಷ್ಟೇ, ಹಡಗಿನಲ್ಲಿ ನಿಮಗೆ ಯಾರೂ ಏನೂ ಕೊಡಲಿಲ್ಲವೇ ಎಂದು ಹಿಂದಿಯಲ್ಲಿ ನಗುತ್ತಾ ಕೇಳಿದಳು.

“ಬಹುತ್ ಪೂಛಾ. ಮೈನೇ ನಹೀ ಲಿಯಾ,” ಎಂದರು ಚಾಚಾ. ಬಹಳ ಸಲ ಕೇಳಿದರು, ನಾನೇ ತೆಗೆದುಕೊಳ್ಳಲಿಲ್ಲ ಎಂದು.

ನಸ್ರೀನ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗಾದ ಸಮಾಧಾನ ಎಷ್ಟಿತ್ತೋ ಅಷ್ಟೇ ನಾಚಿಕೆಯೂ ಆಯಿತು. ಮೊದಲು ಕೇಳದೆ ಕಾಯಿಲೆ ಇಲ್ಲ ಎಂದು ಬರೆದೆ. ಆಮೇಲೆ ಕೇಳದೆ ಏನೂ ಕೊಡಬೇಡಿ ಎಂದು ಬರೆದೆ. ಎರಡೂ ಸಲ ಆ ಮನುಷ್ಯ ನನ್ನ ಎದುರಿಗಿರಲಿಲ್ಲ, ಶೀಟಿನ ಒಂದು ಸಾಲು ಇತ್ತು. ಮರುದಿನವೇ ಆ ಕಾಲಮ್ಮನ್ನು ಖಾಲಿ ಬಿಟ್ಟೆ, ಪ್ರತಿಯೊಬ್ಬರಿಗೂ ಫೋನ್ ಮಾಡಿ ತುಂಬಿಸುವ ಪದ್ಧತಿ ಮಾಡಿದೆ. ಈಗಿನ ಹುಡುಗಿಯರು ಅದಕ್ಕೆ ನನ್ನನ್ನು ಬೈದುಕೊಳ್ಳುವುದೂ ನನಗೆ ಗೊತ್ತು. ಸಂಘದ ಮುಂದೆ ಹೋದ ಚಾಚಾನ ಗುಟ್ಟನ್ನು ಮಾತ್ರ ಯಾವ ಪದ್ಧತಿಯಿಂದಲೂ ವಾಪಸು ತರಲಾಗಲಿಲ್ಲ.

ಮಶೀನು ಖಾಲಿಯಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾವು ನಾಲ್ವರೂ ಹೊರಗಿನ ಬೆಂಚಿನ ಮೇಲೆ ಕೂತೆವು. ಚಹಾ ಮಾರುವ ಹೆಂಗಸು ಕಿಟ್ಲಿ ಹಿಡಿದು ಬಂದಳು. ಅಲ್ಲಿಯ ರೋಗಿಗಳು ಯಾರು, ಜತೆಗೆ ಬಂದವರು ಯಾರು ಎಂಬುದು ಆಕೆಗೆ ಚೆನ್ನಾಗಿ ಗೊತ್ತು. ನಸ್ರೀನಳಿಗೆ ಒಂದು ಕಪ್ಪು, ಮೆಹಬೂಬಿಗೆ ಒಂದು, ಚಾಚಾನನ್ನು ದಾಟಿ ನನಗೊಂದು ಕೊಟ್ಟು ಹೊರಟಳು. ನಾನು ಆಕೆಯನ್ನು ನಿಲ್ಲಿಸಿದೆ. ಚಾಚಾ ಹೂಂ ಎಂದುಬಿಟ್ಟರೆ ಎಂಬ ಹೆದರಿಕೆ ನನಗೆ ಆಗಲೂ ಹೋಗಿರಲಿಲ್ಲ.

“ಚಾಚಾ, ನಿಮಗ ಚಾ ಬೇಕೇನ್ರಿ?” ಎಂದು ಕೇಳಿದೆ.

ಮೆಹಬೂಬಿಯ ಕಪ್ಪು ತುಟಿಯ ಹತ್ತಿರವೇ ನಿಂತಿತು. ಚಾಚಾ ಕಿಟ್ಲಿಯನ್ನು ನೋಡಿದರು, ಚಹಾದವಳನ್ನು ನೋಡಿದರು, ಬೆಂಚಿನ ಮೇಲೆ ಸ್ವಲ್ಪ ನೆಟ್ಟಗೆ ಕೂತುಕೊಂಡರು.

“ಬ್ಯಾಡ ತಂಗಿ,” ಎಂದರು. “ನೀವ್ ಕುಡೀರಿ.”